ಮರ್ಕ್ಯುರಿ ಗ್ಲಾಸಿನ ಹುಡುಗ

ಎಂತ ಭಾವ, ಮಗನ ಹೆಲ್ಮೆಟ್ಟಿಗೆ ಕಾಮನಬಿಲ್ಲು ಬಂದಿದೆ! ಬೆಳಗ್ಗೆ ಗೇಟು ದಾಟುವಾಗ ನೋಡಿದೆ. ಎದುರು ನಿಂತವರಿಗೆ ತಮ್ಮದೇ ಮುಖ ಕಾಣುವ ಮರ್ಕ್ಯುರಿ ಗ್ಲಾಸು. ಚಂದ ಉಂಟು, ಇಲ್ಲ ಅನ್ನುವುದಿಲ್ಲ. ಒಳಗಿದ್ದವನಿಗೆ ಎಷ್ಟು ಕಾಣುತ್ತದೆ ಅಂತ ಒಮ್ಮೆ ಕೇಳಿ.

ಹುಡುಗನದ್ದು ಪೂರಾ ತಪ್ಪಲ್ಲ. ಅವ ಬಿ.ಸಿ.ರೋಡಿನಿಂದ ಉಜಿರೆಗೆ ಹೋಗುವವ. ಬೆಳಗ್ಗೆ ಮೂಡಕ್ಕೆ ಮುಖ, ಸಂಜೆ ಪಡುವಕ್ಕೆ ಮುಖ. ಎರಡು ಹೊತ್ತೂ ಸೂರ್ಯ ಕಣ್ಣಿಗೇ. ಮಂಗಳೂರಿಗೆ ಕೆಲಸಕ್ಕೆ ಹೋಗಿಬರುವ ನಾವು ಪುಣ್ಯವಂತರು, ಹೋಗುವಾಗಲೂ ಬರುವಾಗಲೂ ಬಿಸಿಲು ಬೆನ್ನಿಗೆ. ಮೂಡುಬಿದಿರೆಯಿಂದ ಸಿದ್ದಕಟ್ಟೆ ಮೇಲೆ ಬಂಟ್ವಾಳಕ್ಕೆ ಬರುವವರಿಗೆ ಬದಿಯ ಬಿಸಿಲು. ಮೂಡುಬಿದಿರೆಯಿಂದಲೇ ವೇಣೂರು, ಗುರುವಾಯನಕೆರೆ ಕಡೆ ಹೊರಟವರದ್ದು ಮತ್ತೆ ನಿಮ್ಮ ಮಗನ ಪಾಡೇ. ಅಂಗಡಿಯವರು ಯಾವ ಬಣ್ಣ ಅಂತ ಕೇಳುವ ಮೊದಲು ಯಾವ ದಿಕ್ಕಿಗೆ ಕೆಲಸ ಅಂತ ಕೇಳಬೇಕು ಮಾರಾಯ್ರೇ.

ಆದರೆ ನಮ್ಮ ಮಾರ್ಗಗಳಲ್ಲಿ ಬೆಳಕು ಗಂಟೆ ನೋಡಿ ಬದಲಾಗುವುದಲ್ಲ, ತಿರುವು ನೋಡಿ ಬದಲಾಗುವುದು. ಗದ್ದೆ ಬದಿಯಲ್ಲಿ ಕಣ್ಣು ಕುಕ್ಕುವ ಬಿಸಿಲು. ತಿರುವು ಕಳೆದದ್ದೇ ರಬ್ಬರ್ ತೋಟ, ನಡುಮಧ್ಯಾಹ್ನಕ್ಕೇ ಮುಚ್ಚಂಜೆ. ಚಳಿಗಾಲದ ಕೊನೆಗೆ ರಬ್ಬರ್ ಎಲೆ ಉದುರಿಸಿದಾಗ ಸ್ವಲ್ಪ ದಿನ ಬೆಳಕು, ಅಷ್ಟೆ. ಬಿಸಿಲಿನಿಂದ ನೆರಳಿಗೆ ಹೊಕ್ಕ ಕಣ್ಣು ಹದಕ್ಕೆ ಬರಲಿಕ್ಕೆ ಹೊತ್ತು ಬೇಕು. ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದರೆ ಬೈಕು ಒಂದೇ ಸೆಕೆಂಡಿನಲ್ಲಿ ಸುಮಾರು 14 ಮೀಟರ್ ಮುಂದೆ ಹೋಗಿರುತ್ತದೆ. ನಡುವೆ ಗುಂಡಿ ಉಂಟೋ, ದನ ಮಲಗಿದೆಯೋ, ಕಪ್ಪು ಗ್ಲಾಸು ಅದನ್ನು ಹೇಳುವುದಿಲ್ಲ.

ಬಿಸಿಲಿಗೆ ತಾನೇ ಕಪ್ಪಾಗುವ ಗ್ಲಾಸು ಬಂದಿದೆ ಅಂತೀರಿ. ಉಂಟು, ದುಬಾರಿ. ಅದು ಕಪ್ಪಾಗುವುದು ಬೇಗ, ಬಿಳಿಯಾಗುವುದು ನಿಧಾನ, ನಿಮಿಷಗಟ್ಟಲೆ ಬೇಕು. ಅಷ್ಟರಲ್ಲಿ ತೋಟ ಮುಗಿದು ಮತ್ತೆ ಗದ್ದೆ ಬಂದಿರುತ್ತದೆ. ಚಾರ್ಮಾಡಿ ಘಾಟಿಯ ಮಂಜಿಗೆ ಹಳದಿ ಗ್ಲಾಸು ಒಳ್ಳೆಯದು ಅನ್ನುವವರೂ ಇದ್ದಾರೆ. ಮಂಜಿನ ಹನಿ ಎಲ್ಲ ಬಣ್ಣದ ಬೆಳಕನ್ನೂ ಒಂದೇ ರೀತಿ ಚದುರಿಸುತ್ತದೆ. ಹಳದಿಯಲ್ಲಿ ನೋಡಿದರೆ ಮಂಜು ಹಳದಿಯಾಗಿ ಕಂಡೀತು, ಮಾರ್ಗ ಕಾಣದು. ಘಾಟಿಯಲ್ಲಿ ತೊಂದರೆ ಕೊಡುವುದು ನಮ್ಮದೇ ಉಸಿರು. ಗ್ಲಾಸಿನ ಒಳಬದಿಗೆ ಹಬೆ ಕಟ್ಟಿತೋ, ಒಂದು ಹಲ್ಲು ಮೇಲೆತ್ತಿ ಗಾಳಿ ಬಿಡಬೇಕು. ಕೆನಡಾದಂಥ ಕಡೆ ಹಿಮದ ಮೇಲೆ ಗಾಡಿ ಓಡಿಸುವವರಿಗೂ ಇದೇ ತಲೆಬಿಸಿಯಂತೆ. ಅವರ ಗ್ಲಾಸಿಗೆ ವಯರು ಎಳೆದು ಕರೆಂಟಿನಲ್ಲೇ ಬಿಸಿ ಮಾಡುತ್ತಾರೆ!

ರಾತ್ರಿಯ ಕಥೆ ಬೇರೆಯೇ. ಯಕ್ಷಗಾನದ ಆಟ ನೋಡಿಯೋ, ಕಂಬಳ ಮುಗಿಸಿಯೋ ಬರುವ ಹುಡುಗರು ಕಪ್ಪು ಗ್ಲಾಸು ಎತ್ತಿಕೊಂಡು ಬರುತ್ತಾರೆ, ಕಾಣುವುದಿಲ್ಲವಲ್ಲ. ಆಮೇಲೆ ಹುಳ ನೇರ ಕಣ್ಣಿಗೆ. ಯುರೋಪಿನವರ ಹಳೆಯ ನಿಯಮ ನೋಡಿ: ಶೇಕಡಾ 80ಕ್ಕಿಂತ ಕಡಿಮೆ ಬೆಳಕು ಬಿಡುವ ಗ್ಲಾಸಿನ ಮೇಲೆ ಹಗಲಿಗೆ ಮಾತ್ರ ಅಂತ ಬರೆದಿರಬೇಕು. ಅರ್ಧ ಬೆಳಕು ಬಿಡುವ ಗ್ಲಾಸಿನ ಒಳಗೆ, ಐದರಲ್ಲಿ ಒಂದು ಪಾಲು ಬಿಡುವ ಕೂಲಿಂಗ್ ಗ್ಲಾಸನ್ನೂ ಇಟ್ಟರೆ ಕಣ್ಣಿಗೆ ಉಳಿಯುವುದು ಹತ್ತರಲ್ಲಿ ಒಂದೇ ಪಾಲು. ನಿಮ್ಮ ಮಗ ಎರಡನ್ನೂ ಹಾಕುತ್ತಾನೆ, ನಾನು ನೋಡಿದ್ದೇನೆ.

ನನ್ನ ಕೇಳಿದರೆ ಬಿಳಿ ಗ್ಲಾಸೇ ಸಾಕು. ಅದು ಪಾಲಿಕಾರ್ಬೊನೇಟು, ಬಣ್ಣ ಇಲ್ಲದಿದ್ದರೂ ಬಿಸಿಲಿನ ಅತಿನೇರಳೆ ಕಿರಣವನ್ನು ಬಹುಮಟ್ಟಿಗೆ ತಡೆಯುತ್ತದೆ. ಬಿಸಿಲು ಕಣ್ಣಿಗೆ ಹೊಡೆದರೆ ಕೂಲಿಂಗ್ ಗ್ಲಾಸು ಹಾಕಲಿ. ಇಲ್ಲದಿದ್ದರೆ ಒಳಗೊಂದು ಸಣ್ಣ ಕಪ್ಪು ಗ್ಲಾಸು ಇರುವ ಹೆಲ್ಮೆಟ್ ಸಿಗುತ್ತದೆ. ಬೆರಳಲ್ಲಿ ಕೀಲಿ ತಳ್ಳಿದರೆ ಇಳಿಯುತ್ತದೆ, ತೋಟ ಬಂದಾಗ ಏರಿಸಬಹುದು. ಐಎಸ್‌ಐ ಮಾರ್ಕು ನೋಡಿ ತೆಗೆಯಲಿ. ಧೂಳಿನ ಗ್ಲಾಸನ್ನು ಒಣ ಬಟ್ಟೆಯಲ್ಲಿ ಉಜ್ಜುವುದು ಬೇಡ, ಪೆಟ್ರೋಲಿನಲ್ಲಂತೂ ಬೇಡವೇ ಬೇಡ. ಗೀರು ಬಿದ್ದ ಗ್ಲಾಸಿನಲ್ಲಿ ಎದುರಿನ ಲಾರಿಯ ಒಂದು ಲೈಟು ಹತ್ತಾಗಿ ಒಡೆದು ಕಾಣುತ್ತದೆ. ಸೋಪಿನ ನೀರು ಸಾಕು.

ಹುಡುಗನನ್ನು ಬೈಯಬೇಡಿ ಭಾವ. ಹೆಲ್ಮೆಟ್ ತಂದಾಗಿನ ಬಿಳಿ ಗ್ಲಾಸು ಅಟ್ಟದಲ್ಲಿ ಇದ್ದೀತು, ಹುಡುಕಿ ಕೊಡಿ. ಬದಲಾಯಿಸುವುದು ಎರಡು ನಿಮಿಷದ ಕೆಲಸ, ಈಗಿನ ಎಷ್ಟೋ ಹೆಲ್ಮೆಟ್ಟಿಗೆ ಸ್ಕ್ರೂಡ್ರೈವರೂ ಬೇಡ.