ಚಿರಸ್ಥಿತಿ ಮೀಮಾಂಸೆ: ನಿಂತ ಹೈಬ್ರಿಡ್ ಕಾರಿನ ಕಿರಿಯ ಬ್ಯಾಟರಿಯನ್ನು ಕುರಿತು ಮಸ್ಕಿ ಶಾಸನದ ಬೆಳಕಿನಲ್ಲಿ ಒಂದು ವಿಚಾರ

ಅನುಬಂಧ ಚತುಷ್ಟಯ

ಯಾವ ಶಾಸ್ತ್ರಗ್ರಂಥವೇ ಆಗಲಿ, ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಇತ್ಯರ್ಥ ಮಾಡದೆ ಮುಂದೆ ಹೆಜ್ಜೆಯಿಡುವುದಿಲ್ಲ. ನಾವೂ ಇಡುವುದಿಲ್ಲ.

ವಿಷಯ: ತಿಂಗಳುಗಟ್ಟಲೆ ನಿಂತ ಹೈಬ್ರಿಡ್ ಕಾರಿನ ಹನ್ನೆರಡು ವೋಲ್ಟಿನ ಬ್ಯಾಟರಿ. ಪ್ರಯೋಜನ: ನಸುಕಿನ ಐದಕ್ಕೆ ಮದುವೆಗೆ ಹೊರಟವರು ಐದಕ್ಕೇ ಹೊರಡುವುದು. ಸಂಬಂಧ: ಕಾರಿಗೂ ಯಜಮಾನನಿಗೂ ಇರುವಂಥದ್ದು, ಅದು ಸದ್ಯಕ್ಕೆ ಬ್ಯಾಂಕಿನ ಕಂತಿನಲ್ಲಿ ಮಾತ್ರ ಉಳಿದಿದೆ. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು: ಹದಿನೈದು ದಿನದಿಂದ ಯಾವನ ಕಾರು ಕದಲಿಲ್ಲವೋ ಅವನು. ದಿನಾಲೂ ಕಾರು ಓಡಿಸುವವನು ಜೀವನ್ಮುಕ್ತ, ಅವನಿಗೆ ಶಾಸ್ತ್ರದ ಹಂಗಿಲ್ಲ.

ಕ್ಷೇತ್ರ ನಿರ್ಣಯ

ಈ ಮೀಮಾಂಸೆಗೆ ರಾಯಚೂರು ಜಿಲ್ಲೆಯ ಮಸ್ಕಿಯೇ ಏಕೆ, ಜಪಾನ್ ಏಕಲ್ಲ ಎಂದು ಕೇಳುವವರಿದ್ದಾರೆ. ಜಪಾನಿನಲ್ಲಿ 1997ರಲ್ಲಿ ಪ್ರಿಯಸ್ ಕಾರು ಮಾರಾಟಕ್ಕೆ ಬಂದದ್ದು ನಿಜ. 2022ರಿಂದ ನಮ್ಮ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲೇ ಹೈರೈಡರ್, ಗ್ರ್ಯಾಂಡ್ ವಿಟಾರ ಹೈಬ್ರಿಡ್‌ಗಳು ತಯಾರಾಗುತ್ತಿರುವುದೂ ನಿಜ. ಆದರೆ ತಯಾರಾಗುವುದು ಬೇರೆ, ನಿಲ್ಲುವುದು ಬೇರೆ. ನಿಲ್ಲುವ ಕಲೆಗೆ ನಮ್ಮ ಸೀಮೆಯ ಸಮ ಇನ್ನೊಂದಿಲ್ಲ. ಬೆಂಗಳೂರಿನ ಮಗ ಅಪ್ಪನಿಗೆಂದು ಕಾರು ಕೊಡಿಸುತ್ತಾನೆ. ಅಪ್ಪ ಹೊಲಕ್ಕೆ ಹೋಗುವುದು ಬೈಕಿನ ಮೇಲೆ, ಸಿಂಧನೂರಿನ ಸಂತೆಗೆ ಹೋಗುವುದು ಬಸ್ಸಿನಲ್ಲಿ. ಕಾರು ತಗಡಿನ ಶೆಡ್ಡಿನಲ್ಲಿ, ಭತ್ತದ ಚೀಲಗಳ ಪಕ್ಕ, ಕವರ್ ಹೊದ್ದು ನಿಲ್ಲುತ್ತದೆ. ಯುಗಾದಿಗೆ ಒಮ್ಮೆ, ಆಯುಧಪೂಜೆಗೆ ಒಮ್ಮೆ ತೊಳೆಸಿಕೊಳ್ಳುತ್ತದೆ. ಮೈಲೇಜಿನ ಆಸೆಗೆ ಹೆಚ್ಚು ದುಡ್ಡು ಸುರಿದು ಕೊಂಡ ಬಂಡಿಯ ಮೈಲೇಜು ಹೀಗೆ ಸೊನ್ನೆಗೆ ಇಳಿಯುತ್ತದೆ.

ಎರಡನೆಯ ಕಾರಣ ಇನ್ನೂ ಘನವಾದದ್ದು. ಈಚೆಗೆ ತಾಲ್ಲೂಕಾದ, ಅದಕ್ಕೂ ಮುಂಚೆ ಲಿಂಗಸುಗೂರಿನ ನೆರಳಲ್ಲಿದ್ದ ಈ ಊರಲ್ಲಿ 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಬಂಡೆಯ ಮೇಲೊಂದು ಬ್ರಾಹ್ಮೀ ಬರಹ ಕಂಡ. ಅಲ್ಲಿಯವರೆಗೆ ದೇಶದುದ್ದಕ್ಕೂ ಸಿಕ್ಕ ಶಾಸನಗಳಲ್ಲಿ ದೊರೆ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಲ್ಲೇ ಓಡಾಡಿಕೊಂಡಿದ್ದ. ‘ಅಶೋಕ’ ಎಂದು ಹೆಸರು ಹಿಡಿದು ಹೇಳಿದ ಮೊದಲ ಬಂಡೆ ಮಸ್ಕಿಯದು. ದೊಡ್ಡ ದೊಡ್ಡ ಬಂಡೆ, ಕಂಬಗಳು ಬಾಯಿಬಿಡದ ಗುಟ್ಟನ್ನು ವಿದ್ವಾಂಸರೇ ‘ಕಿರು ಬಂಡೆ ಶಾಸನ’ವೆಂದು ಕರೆದ ಬರಹ ಹೇಳಿತು. ಹಿರಿಯದರ ಅಸ್ತಿತ್ವ ಕಿರಿಯದರಿಂದ ಸಿದ್ಧವಾಗುತ್ತದೆ ಎಂಬ ನಮ್ಮ ಪ್ರಮೇಯಕ್ಕೆ ಇದಕ್ಕಿಂತ ಗಟ್ಟಿ ಬುನಾದಿ ಬೇಕೇ?

ಶಾಸನ ಪ್ರಮಾಣ

ಈ ಪ್ರಾಕೃತ ಶಾಸನವನ್ನು ಇತಿಹಾಸಕಾರರು ಧರ್ಮದ ವಿಷಯವೆಂದು ಓದಿದ್ದಾರೆ. ಬ್ಯಾಟರಿಯ ದೃಷ್ಟಿಯಿಂದ ಓದಿದವರು ಈವರೆಗೆ ಯಾರೂ ಇಲ್ಲ. ಆ ಕೊರತೆಯನ್ನು ಇಲ್ಲಿ ತುಂಬಲಾಗಿದೆ.

ಶಾಸನದ ತಾತ್ಪರ್ಯ ಹೀಗೆ. ತಾನು ಬುದ್ಧನ ದಾರಿ ಹಿಡಿದು ಎರಡೂವರೆ ವರ್ಷ ದಾಟಿತು ಎನ್ನುತ್ತಾನೆ ದೊರೆ. ಮೊದಮೊದಲು ಅಷ್ಟಾಗಿ ಶ್ರಮಪಡಲಿಲ್ಲ ಎಂದು ಇದೇ ಶಾಸನದ ಬ್ರಹ್ಮಗಿರಿಯ ಪ್ರತಿಯಲ್ಲಿ ಒಪ್ಪಿಕೊಳ್ಳುತ್ತಾನೆ. ಸಂಘವನ್ನು ಸೇರಿದ ಮೇಲೆ ಉತ್ಸಾಹ ಬಂತಂತೆ. ವಾಹನಶಾಸ್ತ್ರ ಬಲ್ಲವರಿಗೆ ಇಲ್ಲಿನ ಸಂಕೇತ ಸ್ಪಷ್ಟ: ನಿಂತ ಗಾಡಿ, ಇಳಿದ ಚೈತನ್ಯ, ಚಾರ್ಜರ್ ಸೇರಿದ ಮೇಲೆ ಪುನರುತ್ಥಾನ. ಮುಂದೆ ಮಸ್ಕಿಯ ಬಂಡೆ, ಇದು ದೊಡ್ಡವರಿಗೆ ಮಾತ್ರ ದಕ್ಕುವಂಥದ್ದೆಂದು ತಿಳಿಯಬೇಡಿ ಎನ್ನುತ್ತದೆ. ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಿ, ಹೀಗೆ ನಡೆದರೆ ಈ ಕಾರ್ಯ ಬಹುಕಾಲ ನಿಂತೀತು, ಒಂದೂವರೆ ಪಟ್ಟು ಬೆಳೆದೀತು ಎಂದು ಮುಗಿಸುತ್ತದೆ. ಹೈಬ್ರಿಡ್ ಕಾರಿನಲ್ಲಿ ಸಣ್ಣದೊಂದು, ದೊಡ್ಡದೊಂದು ಬ್ಯಾಟರಿ ಇರುತ್ತವೆಂಬುದು ಮೌರ್ಯರಿಗೆ ತಿಳಿದಿತ್ತೆನ್ನಲು ಇನ್ನೇನು ಬೇಕು?

ಒಂದು ತೊಡಕಿದೆ. ಹನ್ನೆರಡರ ಒಂದೂವರೆ ಪಟ್ಟು ಹದಿನೆಂಟು. ಹದಿನೆಂಟು ವೋಲ್ಟ್ ಕೊಟ್ಟರೆ ಸೀಸದ ಬ್ಯಾಟರಿ ಕುದಿದು ಹಾಳಾಗುತ್ತದೆ. ಆದ್ದರಿಂದ ಈ ವಾಕ್ಯವನ್ನು ಅರ್ಥವಾದವೆಂದು, ಅಂದರೆ ಬರಿಯ ಹೊಗಳಿಕೆಯೆಂದು ತಿಳಿಯತಕ್ಕದ್ದು, ವಿಧಿವಾಕ್ಯವೆಂದಲ್ಲ. ಸಮ್ರಾಟರ ಮಾತು ಮೀರಿದ ದೋಷ ನಮಗೆ ಬಂದರೂ ವಾರಂಟಿ ಉಳಿಯುತ್ತದೆ.

ಪ್ರಮೇಯ

ಪೂರ್ಣ ಹೈಬ್ರಿಡ್ ಕಾರಿನ ದೊಡ್ಡ ಬ್ಯಾಟರಿ ನೂರಾರು ವೋಲ್ಟಿನದು. ಎಂಜಿನ್ನನ್ನು ಎಬ್ಬಿಸುವುದು, ಚಕ್ರ ತಿರುಗಿಸುವುದು, ಬ್ರೇಕ್ ಹಾಕಿದಾಗ ಶಕ್ತಿ ಮರಳಿ ಪಡೆಯುವುದು ಅದರ ಕೆಲಸ. ಸಣ್ಣದು 1859ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ ಕಂಡುಹಿಡಿದ ಸೀಸ-ಆಮ್ಲದ ವಂಶದ್ದು. ಪೂರ್ಣ ಹೈಬ್ರಿಡ್‌ಗಳಲ್ಲಿ ಅದು ಸಾಮಾನ್ಯವಾಗಿ ಸೆಲ್ಫ್ ಹೊಡೆಯುವುದಿಲ್ಲ, ಎಂಜಿನ್ ತಿರುಗಿಸುವುದಿಲ್ಲ. ಕಾರಿನ ಕಂಪ್ಯೂಟರುಗಳನ್ನು ಎಚ್ಚರಿಸುತ್ತದೆ, ದೊಡ್ಡ ಬ್ಯಾಟರಿಯ ರಿಲೇಗಳನ್ನು ಕೂಡಿಸುತ್ತದೆ, ಅಷ್ಟೇ. ಸಾಹೇಬರ ಮುಂದೆ ಕಡತ ಇಡಬೇಕಾದ ಗುಮಾಸ್ತ ರಜೆ ಹಾಕಿದರೆ ತಾಲ್ಲೂಕು ಕಚೇರಿಯೇ ನಿಲ್ಲುವಂತೆ, ಈ ಸಣ್ಣದು ಮಲಗಿದರೆ ನೂರಾರು ವೋಲ್ಟು ಒಳಗೇ ಕೂತಿರುತ್ತದೆ, ಕಾರು ಕದಲುವುದಿಲ್ಲ.

ಸಣ್ಣದಕ್ಕೆ ಆಹಾರ ದೊಡ್ಡದರಿಂದಲೇ ಬರಬೇಕು. ಇಂಥ ಹೈಬ್ರಿಡ್‌ನಲ್ಲಿ ಹಳೆಯ ಕಾರಿನ ಡೈನಮೋ ಇಲ್ಲ. ಡಿಸಿ-ಡಿಸಿ ಕನ್ವರ್ಟರ್ ಎಂಬ ಪೆಟ್ಟಿಗೆ ದೊಡ್ಡದರ ಒತ್ತಡವನ್ನು ಹದಿನಾಲ್ಕು ವೋಲ್ಟಿನ ಆಸುಪಾಸಿಗೆ ಇಳಿಸಿ ಸಣ್ಣದಕ್ಕೆ ಉಣಿಸುತ್ತದೆ. ಅದೂ ಡ್ಯಾಶ್‌ಬೋರ್ಡಿನಲ್ಲಿ ‘ರೆಡಿ’ ದೀಪ ಹತ್ತಿದಾಗ ಮಾತ್ರ. ರೆಡಿ ಇಲ್ಲದೆ ನಿಂತಾಗ ಮೇಲೆ ಅನ್ನದ ಗುಡ್ಡವಿದ್ದೂ ಕೆಳಗೆ ಉಪವಾಸ.

ಈಗ ಗಣಿತ. ನಿಂತ ಕಾರಿನಲ್ಲೂ ಕಳ್ಳರ ಅಲಾರಾಂ, ಬೀಗದ ರೇಡಿಯೊ, ಗಡಿಯಾರ ಎಲ್ಲ ಸೇರಿ ತುಸು ಕರೆಂಟು ಹೀರುತ್ತಿರುತ್ತವೆ. 30 ಮಿಲಿ ಆಂಪಿಯರ್ ಎಂದು ಹಿಡಿಯೋಣ. ದಿನಕ್ಕೆ 0.72 ಆಂಪಿಯರ್ ಅವರ್, ತಿಂಗಳಿಗೆ 21.6. ಬ್ಯಾಟರಿ 45 ಆಂಪಿಯರ್ ಅವರಿನದಾದರೆ ತಿಂಗಳಲ್ಲಿ ಅರ್ಧ ಖಾಲಿ, ಎರಡು ತಿಂಗಳಲ್ಲಿ ತಳ ಕಂಡಂತೆ. ಇದು ತಂಪು ಸೀಮೆಯ ಲೆಕ್ಕ. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ರಾಯಚೂರು ಜಿಲ್ಲೆಯ ತಗಡಿನ ಶೆಡ್ಡಿನಲ್ಲಿ ಬ್ಯಾಟರಿ ತನ್ನಷ್ಟಕ್ಕೇ ಸೋರುವ ವೇಗವೂ ಏರುತ್ತದೆ. ಖಾಲಿಯಾಗಿ ಕುಳಿತ ಸೀಸದ ತಗಡುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಟ್ಟರೆ ಆಮೇಲೆ ಎಷ್ಟು ಉಣಿಸಿದರೂ ಮೈಗೆ ಹತ್ತುವುದಿಲ್ಲ.

ಪೂರ್ವಪಕ್ಷ ಮತ್ತು ಖಂಡನೆ

ಕವರ್ ತೆಗೆದು ಬಟನ್ ಒತ್ತಿದಾಗ ಡ್ಯಾಶ್‌ಬೋರ್ಡ್ ಜಾತ್ರೆಯ ದೀಪದಂತೆ ಮಿಣುಕಿ ನಂದಿತು ಎಂದಿಟ್ಟುಕೊಳ್ಳಿ. ಗಳಿಗೆಯೊಳಗೆ ಓಣಿಯ ವಿದ್ವಜ್ಜನ ನೆರೆಯುತ್ತಾರೆ. ಅವರಲ್ಲಿ ಐದು ಮತಗಳು ಪ್ರಸಿದ್ಧ.

ಒಂದನೆಯದು ತಳ್ಳುವಾದ. “ಏ ತಮ್ಮಾ, ನಾಕು ಮಂದಿ ಹಿಡಿದು ದಬ್ರೋ, ಹತ್ತತೈತಿ!” ಇದು ಸಿಂಧನೂರಿನ ಭತ್ತದ ಗದ್ದೆಗಳಲ್ಲಿ ಟ್ರ್ಯಾಕ್ಟರುಗಳನ್ನು ಇಳಿಜಾರಿಗೆ ನಿಲ್ಲಿಸಿ ಬೆಳೆದ ಘನ ಪರಂಪರೆ. ಖಂಡನೆ: ಇಂಥ ಹೈಬ್ರಿಡ್‌ಗೆ ಕ್ಲಚ್ ಪೆಡಲಿಲ್ಲ, ಮಲಗಿದ ಕಂಪ್ಯೂಟರು ಅಪ್ಪಣೆ ಕೊಡದೆ ಎಂಜಿನ್ ಎದ್ದೇಳದು. ಲಿಂಗಸುಗೂರಿನವರೆಗೆ ತಳ್ಳಿದರೂ ಲಾಭವಾಗುವುದು ತಳ್ಳಿದವರ ಮೈಗೆ.

ಎರಡನೆಯದು ಐದು ನಿಮಿಷ ವಾದ. “ಮುಂಜಾನೆದ್ದು ಐದು ನಿಮಿಷ ಚಾಲೂ ಮಾಡಿ ಬಂದ್ ಮಾಡ್ರಿ ಸಾವ್ಕಾರ್ರ.” ಈ ಮತದವರಲ್ಲಿ ಒಂದು ಉಪಪಂಥವಿದೆ, ಅವರು ಬ್ರೇಕ್ ತುಳಿಯದೆ ಬಟನ್ ಒತ್ತಿ, ರೆಡಿ ದೀಪವಿಲ್ಲದೆ, ಹಾಡು ಹಚ್ಚಿಕೊಂಡು ಕೂರುತ್ತಾರೆ. ಖಂಡನೆ: ಐದು ನಿಮಿಷದಲ್ಲಿ ವಾರದ ಸಾಲ ತೀರುವುದಿಲ್ಲ. ಉಪಪಂಥದವರಂತೂ ಸಾಲದ ಮೇಲೆ ಸಾಲ ಮಾಡುತ್ತಾರೆ.

ಮೂರನೆಯದು ಟ್ರ್ಯಾಕ್ಟರ್‌ವಾದ: ಪಕ್ಕದ ಮನೆಯ ಟ್ರ್ಯಾಕ್ಟರಿನಿಂದ ಜಂಪರ್ ಕೇಬಲ್ ಎಳೆಯುವುದು. ಇದಕ್ಕೆ ಅರ್ಧ ಮನ್ನಣೆ. ಕೊಡುವ ಬ್ಯಾಟರಿ ಹನ್ನೆರಡು ವೋಲ್ಟಿನದೇ ಆಗಿರಬೇಕು. ಭಾರೀ ಲಾರಿಗಳ ಇಪ್ಪತ್ನಾಲ್ಕು ವೋಲ್ಟನ್ನು ಹಚ್ಚಿದರೆ ಕಂಪ್ಯೂಟರುಗಳಿಗೆ ತಿಥಿ. ಪ್ಲಸ್ಸು ಮೈನಸ್ಸು ಅದಲು ಬದಲಾದರೂ ಅಷ್ಟೇ. ಕೇಬಲ್ಲನ್ನು ಕೈಪಿಡಿ ತೋರಿಸಿದ ಜಾಗಕ್ಕೇ ಹಚ್ಚಬೇಕು, ದೊಡ್ಡ ಬ್ಯಾಟರಿಯ ಕಿತ್ತಳೆ ಬಣ್ಣದ ವೈರಿನ ಗೊಡವೆಗೆ ಹೋಗಬಾರದು. ಋಣ ತೀರಿಸಲೆಂದು ಹೈಬ್ರಿಡ್‌ನಿಂದ ಟ್ರ್ಯಾಕ್ಟರಿಗೆ ಕರೆಂಟು ಕೊಡಲು ಹೋಗುವುದು ಮಹಾಪಾತಕ: ಟ್ರ್ಯಾಕ್ಟರಿನ ಸೆಲ್ಫ್ ಕೇಳುವ ನೂರಾರು ಆಂಪಿಯರ್ ಕೊಡಲು ಈ ಸಣ್ಣ ಬ್ಯಾಟರಿ ಹುಟ್ಟಿಲ್ಲ. ಮುಖ್ಯವಾಗಿ, ಜಂಪರ್ ಎಬ್ಬಿಸುತ್ತದೆಯೇ ಹೊರತು ಉಣಿಸುವುದಿಲ್ಲ. ಎದ್ದ ಕಾರನ್ನು ರೆಡಿಯಲ್ಲೇ ತಾಸುಗಟ್ಟಲೆ ಇಡದಿದ್ದರೆ ಮರುದಿನ ಅದೇ ಪಂಚಾಯಿತಿ.

ನಾಲ್ಕನೆಯದು ಕಳಚುವಾದ. “ಪಾನಾ ತಗೊಂಡು ಮೈನಸ್ ವೈರ್ ಬಿಚ್ಚಿ ಇಡ್ರಿ, ಯಾವನು ಕುಡಿತಾನ ನೋಡೂಣು.” ಐದರಲ್ಲಿ ವಿವೇಕವಿರುವ ಮತ ಇದೇ. ವೈರು ಕಳಚಿದರೆ ಹೊರಗಿನ ಹೀರುವಿಕೆ ನಿಲ್ಲುತ್ತದೆ, ಒಳಗಿನ ಸೋರಿಕೆ ಮಾತ್ರ ಉಳಿಯುತ್ತದೆ. ಬ್ಯಾಟರಿ ಡಿಕ್ಕಿಯಲ್ಲಿದ್ದು, ಡಿಕ್ಕಿಯ ಬೀಗ ಕರೆಂಟಿನಿಂದ ತೆರೆಯುವಂಥದ್ದಾಗಿದ್ದರೆ ಹೊಸ ದಾರ್ಶನಿಕ ಸಮಸ್ಯೆ ಹುಟ್ಟುತ್ತದೆ: ಬೀಗ ತೆಗೆಯಲು ಬ್ಯಾಟರಿ ಬೇಕು, ಬ್ಯಾಟರಿ ಮುಟ್ಟಲು ಬೀಗ ತೆಗೆಯಬೇಕು. ನೈಯಾಯಿಕರು ಇದನ್ನು ಅನ್ಯೋನ್ಯಾಶ್ರಯ ದೋಷವೆಂದು ಎಂದೋ ಗುರುತಿಸಿದ್ದರು. ಬೀಗ ಹಾಕುವ ಮುನ್ನ ಕೈಪಿಡಿ ಓದುವವರಿಗೆ ಇದು ಬಾಧಿಸುವುದಿಲ್ಲ.

ಐದನೆಯದು ನಿಂಬೆಹಣ್ಣಿನ ಮತ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಬಾನೆಟ್ಟಿಗೆ ಕುಂಬಳಕಾಯಿ. ನಿಂಬೆಹಣ್ಣಿಗೆ ಸತುವಿನ ಮೊಳೆಯನ್ನೂ ತಾಮ್ರದ ತಂತಿಯನ್ನೂ ಚುಚ್ಚಿದರೆ ಒಂದು ವೋಲ್ಟಿಗೆ ಸಮೀಪ ಸಿಗುತ್ತದೆಂದು ಶಾಲೆಯ ವಿಜ್ಞಾನ ಪ್ರದರ್ಶನದಲ್ಲೇ ಸಿದ್ಧವಾಗಿದೆ. ಹಾಗಾಗಿ ಈ ಮತವನ್ನು ಪೂರ್ತಿ ತಳ್ಳಿಹಾಕಲಾಗದು. ಆದರೆ ನಾಲ್ಕು ಹಣ್ಣಿಂದ ನಾಲ್ಕು ವೋಲ್ಟೂ ದಾಟದು, ಅದರಲ್ಲೂ ಕರೆಂಟು ಗುಬ್ಬಿಯನ್ನೂ ಎಬ್ಬಿಸಲಾರದು. ಚಕ್ರದ ಕೆಳಗಿಟ್ಟು ಕಾರು ಹತ್ತಿಸಲು ಕಾರು ಮೊದಲು ಚಾಲೂ ಆಗಬೇಕಷ್ಟೆ.

ಸಿದ್ಧಾಂತ

ಐದೂ ಮತಗಳನ್ನು ಗೆದ್ದ ಮೇಲೆ ಉಳಿಯುವುದು ಇಷ್ಟು.

ಉತ್ತಮ ಪಕ್ಷ: ಬ್ಯಾಟರಿಗೆ ಸದಾ ಜೋಡಿಸಿಡಬಹುದಾದ ಸ್ವಯಂಚಾಲಿತ ಸಣ್ಣ ಚಾರ್ಜರ್. ತುಂಬುವವರೆಗೆ ತುಂಬಿಸಿ, ಆಮೇಲೆ ಹದಿಮೂರೂವರೆ ವೋಲ್ಟಿನ ಆಸುಪಾಸಿನಲ್ಲಿ ತೇಲಿಸಿಕೊಂಡಿರುವುದು ಅದರ ಧರ್ಮ. ಬ್ಯಾಟರಿ ಎಜಿಎಂ ಜಾತಿಯದಾದರೆ ಚಾರ್ಜರ್ ಅದಕ್ಕೆ ಒಪ್ಪುವಂಥದ್ದೇ ಇರಬೇಕು. ಜೆಸ್ಕಾಂ ಕರೆಂಟು ಹೋಗಿ ಬಂದಾಗ ಬಟನ್ ಒತ್ತಿಸಿಕೊಳ್ಳದೆ ತಾನಾಗಿ ಮತ್ತೆ ಶುರುವಾಗುವುದನ್ನೇ ಆರಿಸಿ. ಈ ಗುಣ ಇಲ್ಲದ ಚಾರ್ಜರ್ ನಮ್ಮ ಸೀಮೆಯಲ್ಲಿ ಸಂನ್ಯಾಸಿಯಂತೆ ಸುಮ್ಮನಿರುತ್ತದೆ.

ಮಧ್ಯಮ ಪಕ್ಷ: ವಾರಕ್ಕೊಮ್ಮೆ ಒಂದು ತಾಸು ರೆಡಿ ದೀಪ ಹತ್ತಿಸುವುದು. ನಡುನಡುವೆ ಎಂಜಿನ್ ತಾನಾಗಿ ಎದ್ದು ಮಲಗುತ್ತದೆ, ಗಾಬರಿ ಬೇಡ. ಆದರೆ ಹೊಗೆಯ ವಿಷ ಮನುಷ್ಯನನ್ನು ಮಲಗಿಸಿದರೆ ಮತ್ತೆ ಎಬ್ಬಿಸುವ ಜಂಪರ್ ಇಲ್ಲ, ಆದ್ದರಿಂದ ಮುಚ್ಚಿದ ಶೆಡ್ಡಿನಲ್ಲಿ ಎಂದೂ ಕೂಡದು. ಇನ್ನೂ ಮೇಲಾದದ್ದು, ಮಸ್ಕಿಯಿಂದ ಲಿಂಗಸುಗೂರಿಗೆ ಹೋಗಿ ಚಹಾ ಕುಡಿದು ಬರುವುದು: ತಾಸು ಆಯಿತು, ಟೈರು ಉರುಳಿದವು, ಬ್ರೇಕು ತುಕ್ಕು ಬಿಟ್ಟಿತು, ಭತ್ತದ ಆಸೆಗೆ ಬಂದು ವೈರು ಕಡಿಯುತ್ತಿದ್ದ ಇಲಿ ಓಡಿತು.

ಅಧಮ ಪಕ್ಷ: ಮೈನಸ್ ವೈರು ಕಳಚಿ, ತಿಂಗಳಿಗೊಮ್ಮೆ ಬ್ಯಾಟರಿ ತುಂಬಿಸುವುದು. ಅಧಮವೆಂದರೂ ಏನೂ ಮಾಡದವನಿಗಿಂತ ಇವನು ಶ್ರೇಷ್ಠ.

ಎಲ್ಲ ಪಕ್ಷಗಳಿಗೂ ಸಾಮಾನ್ಯ ಆಚಾರ: ಸ್ಮಾರ್ಟ್ ಕೀಯನ್ನು ಕಾರಿನಿಂದ ದೂರ, ಮನೆಯೊಳಗೆ ಇಡಿ, ಹತ್ತಿರವಿದ್ದರೆ ಕಾರು ‘ಬಂದರೋ, ಬಂದರೋ’ ಎಂದು ಎಚ್ಚರವಾಗಿ ಕೂರುತ್ತದೆ. ಮಲ್ಟಿಮೀಟರ್ ಒಂದಿರಲಿ. ವಿಶ್ರಾಂತಿಯಲ್ಲಿರುವ ಬ್ಯಾಟರಿ 12.6 ತೋರಿದರೆ ತುಂಬಿದೆ, 12.2 ಎಂದರೆ ಅರ್ಧಕ್ಕೆ ಬಂದಿದೆ, 12ಕ್ಕಿಂತ ಕೆಳಗಿಳಿದರೆ ಅಂದೇ ಚಾರ್ಜಿಗೆ ಹಚ್ಚಿ.

ಫಲಶ್ರುತಿ

ಈ ಮೀಮಾಂಸೆಯನ್ನು ಶ್ರದ್ಧೆಯಿಂದ ಓದಿದವನಿಗೆ ಓಣಿಯ ವಿದ್ವಜ್ಜನರ ಕಾಟ ತಪ್ಪುತ್ತದೆ, ಟ್ರ್ಯಾಕ್ಟರಿನವನ ಋಣ ಹರಿಯುತ್ತದೆ. ಕೇವಲ ಓದಿ ಬಿಟ್ಟವನಿಗೆ ಯಾವ ಫಲವೂ ಇಲ್ಲ. ಈ ಬ್ಯಾಟರಿ ಪಾರಾಯಣದಿಂದ ಚಾರ್ಜ್ ಆಗುವುದಿಲ್ಲ. ಕೊನೆಯ ತೀರ್ಪು ಇದು: ಹೈಬ್ರಿಡ್ ಕೊಂಡವರೇ, ವಾರಕ್ಕೊಮ್ಮೆ ಓಡಿಸಿ. ಓಡಿಸಲಾಗದಿದ್ದರೆ ಚಾರ್ಜರ್ ಹಚ್ಚಿಡಿ. ಅದೂ ಆಗದಿದ್ದರೆ ಕಾರನ್ನು ಓಡಿಸುವವರಿಗೆ ಮಾರಿ, ಅಪ್ಪನ ಬೈಕಿಗೆ ಹೊಸ ಟೈರು ಹಾಕಿಸಿ.