ಡ್ರೈವರ್ ಇಲ್ಲದ ವೈಫೈ

ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕುವ ಹುಚ್ಚು ಹತ್ತಿದವರು ನಮ್ಮ ಮಾಗಳ, ಹಡಗಲಿ, ಕೊಟ್ಟೂರು ಕಡೆಯೂ ಇದ್ದಾರೆ. ಯಂತ್ರ ಕೆಡದಿದ್ದರೇ ಇವರಿಗೆ ಬೇಸರ. ಪೆನ್‌ಡ್ರೈವಿನಿಂದ ಉಬುಂಟು ಹಾಕುವುದು ಸಲೀಸು. ಜಾತ್ರೆ ಶುರುವಾಗುವುದೇ ಆಮೇಲೆ. ವೈಫೈ ನಾಪತ್ತೆ! ಕೆಲವು ಬ್ರಾಡ್‌ಕಾಮ್ ಚಿಪ್‌ಗಳಿಗೆ ಬೇಕಾದ ಫರ್ಮ್‌ವೇರ್ ಮುಕ್ತವಲ್ಲ, ಆದ್ದರಿಂದ ಜೊತೆಗೆ ಬಂದಿರುವುದಿಲ್ಲ. ಅದನ್ನು ಇಳಿಸಿಕೊಳ್ಳಲು ನೆಟ್ ಬೇಕು, ನೆಟ್ ಬರಲು ಅದೇ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂದ ಹಿರಿಯರು ಯಾವ ಚಿಪ್ಪು ನೋಡಿದ್ದರೋ!

ಇಂಥದೇ ಒಂದು ಮನೆಯಲ್ಲಿ ಮಗ ಟರ್ಮಿನಲ್ ತೆರೆದು ‘ಡಿಎಂಇಎಸ್‌ಜಿ’ ಎಂದು ಕುಟ್ಟುತ್ತಾನೆ. ಕಪ್ಪು ಪರದೆ ತುಂಬ ಸಾಲೋ ಸಾಲು. ಅವ್ವ ಇಣುಕುತ್ತಾಳೆ.

“ಯಪ್ಪಾ, ಕೆಟ್ಟೈತೇನೋ?”

“ಇಲ್ಲಬೇ, ಯಾಕ ಕೆಟ್ಟೈತಿ ಅಂತ ಹೇಳಾಕ ಹತ್ತೈತಿ.”

“ಇಷ್ಟೆಲ್ಲಾ ಹೇಳೋ ಬದ್ಲು ನೆಟ್ಟಗ ನಡದ್ರ ಅದರಪ್ಪನ ಗಂಟೇನು ಹೊಕ್ಕೈತಿ?”

1991ರಲ್ಲಿ ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್‌ಗೂ ಇದೇ ಸಿಟ್ಟು. ಲಿನಕ್ಸಿಗೆ ಸಹಕರಿಸದ ಚಿಪ್ ಕಂಪನಿ ಎನ್‌ವಿಡಿಯಾಗೆ 2012ರಲ್ಲಿ ಫಿನ್‌ಲೆಂಡಿನ ವೇದಿಕೆಯಲ್ಲೇ ಮಧ್ಯದ ಬೆರಳು ತೋರಿಸಿಬಿಟ್ಟ. ನಮ್ಮ ಕಡೆ ಹಾಗೆ ಮಾಡಿದ್ದರೆ ಪಂಚಾಯ್ತಿ ಸೇರುತ್ತಿತ್ತು.

ಉಬುಂಟುವಿನಂಥದೇ ಇನ್ನೊಂದು ಲಿನಕ್ಸ್ ಆದ ಡೆಬಿಯನ್ನಿನಲ್ಲಿ 2023ರ 12ನೇ ಆವೃತ್ತಿಯಿಂದ ಮುಕ್ತವಲ್ಲದ ಫರ್ಮ್‌ವೇರೂ ಬಹುಪಾಲು ಇನ್‌ಸ್ಟಾಲರಿನಲ್ಲೇ ಬರುತ್ತಿದೆ. ಹವ್ಯಾಸಿಗಳ ಅರ್ಧ ಸುಖ ಹೋಯಿತು, ಪಾಪ.

ಆದರೂ ಸಿಕ್ಕಿಬಿದ್ದಿರಾ? ಮೊಬೈಲನ್ನು ಕೇಬಲಿನಿಂದ ಜೋಡಿಸಿ, ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್ ಸಾಮಾನ್ಯವಾಗಿ ಅದನ್ನು ತಾನೇ ಗುರುತಿಸುತ್ತದೆ, ಬೇಕಾದ ಡ್ರೈವರ್, ಫರ್ಮ್‌ವೇರ್ ಇಳಿಸಿಕೊಳ್ಳಿ. ಕರೆಂಟ್ ಹೋಗುವುದರೊಳಗೆ ಮಾತ್ರ ಮುಗಿಸಿ.