ಡೆಲ್ಲಿ ಸೋಲಬೇಕಣ್ಣಾ!

ಮೇ ತಿಂಗಳಲ್ಲಿ ಶ್ರೀನಿವಾಸಪುರದ ಮಾವಿನ ಮಂಡಿಗೆ ಹೋದರೆ ಬಾದಾಮಿ, ತೋತಾಪುರಿಯ ರೇಟಿಗಿಂತ ಮೊದಲು ಕಿವಿಗೆ ಬೀಳುವುದು ನೆಟ್ ರನ್ ರೇಟು. ಐಪಿಎಲ್ ಲೀಗಿನಲ್ಲಿ ಮೊದಲಿಬ್ಬರಿಗೆ ಕ್ವಾಲಿಫೈಯರ್, ಸೋತರೂ ಇನ್ನೊಂದು ಅವಕಾಶ. ಮೂರು, ನಾಲ್ಕನೆಯವರಿಗೆ ಎಲಿಮಿನೇಟರ್, ಸೋತರೆ ಸೀದಾ ಮನೆಗೆ. ನಮ್ಮ ಆರ್‌ಸಿಬಿ ಯಾವುದಕ್ಕೆ? ಇದು ಇತ್ಯರ್ಥವಾಗದೆ ಮುಳಬಾಗಿಲಿನಲ್ಲಿ ಎರಡನೇ ದೋಸೆಗೆ ಕೈ ಹೋಗುವುದಿಲ್ಲ.

2024ರಲ್ಲಿ ಮೊದಲ ಎಂಟರಲ್ಲಿ ಏಳು ಸೋತಿದ್ದೆವು. ಆದರೂ ಮಾಲೂರಿನಲ್ಲಿ ರೈಲು ಹತ್ತುವವರು ಕ್ಯಾಲ್ಕುಲೇಟರ್ ಕೆಳಗಿಡಲಿಲ್ಲ.

'ಡೆಲ್ಲಿ ಸೋಲಬೇಕಣ್ಣಾ, ಲಕ್ನೋನೂ ಸೋಲಬೇಕು.'

'ಮತ್ತೆ ನಾವು?'

'ನಾವೂ ಗೆಲ್ಲಬೇಕು. ಅದು ಆಮೇಲೆ ನೋಡಾಣ!'

ಆಮೇಲೆ ಸತತ ಆರು ಗೆದ್ದರು! ಕೊನೆಯದು ಮೇ 18ರಂದು ಚಿನ್ನಸ್ವಾಮಿಯಲ್ಲಿ, ಚೆನ್ನೈ ಎದುರು. ನಮ್ಮದು 218, ಅವರನ್ನು 200ರೊಳಗೆ ಕಟ್ಟಿಹಾಕಬೇಕು. ಕೊಹ್ಲಿ ಜೆರ್ಸಿಯೂ 18, ಬೇಕಿದ್ದ ಅಂತರವೂ 18 ರನ್. ಜ್ಯೋತಿಷಿಗಳಿಗೆ ಇದಕ್ಕಿಂತ ಇನ್ನೇನು ಬೇಕು? ವರ್ಷವೆಲ್ಲ ಮೋಡ ನೋಡಿ ಕೈಮುಗಿಯುವ ಕೋಲಾರದವರು ಅಂದು ಮಾತ್ರ 'ಬರಬೇಡ ತಂದೆ' ಎಂದರು. ಮಳೆರಾಯ ಮೂರು ಓವರಿಗೇ ಬಂದು ಹೆದರಿಸಿಯೇ ಹೋದ. ಕೊನೆಯ ಓವರಿನಲ್ಲಿ ಧೋನಿ ಮೊದಲ ಎಸೆತಕ್ಕೇ ಸಿಕ್ಸರ್ ಎತ್ತಿ, ಮರು ಎಸೆತಕ್ಕೆ ಔಟಾದರು. ಚೆನ್ನೈ 191ಕ್ಕೆ ನಿಂತಿತು.

ನಾಲ್ಕೇ ದಿನಕ್ಕೆ ಎಲಿಮಿನೇಟರಿನಲ್ಲಿ ರಾಜಸ್ಥಾನ ನಮ್ಮನ್ನು ಮನೆಗೆ ಕಳಿಸಿತು, ಬಿಡಿ. 2025ರ ಜೂನ್ 3ಕ್ಕೆ ಕಪ್ಪೇ ಬಂತಲ್ಲ! ಇನ್ನಾದರೂ ಲೆಕ್ಕ ನಿಂತೀತು ಎಂದುಕೊಂಡರೆ, ಟೊಮೆಟೊ ಕ್ರೇಟಿನ ಮೇಲೆ ಕೂತಿದ್ದವನೊಬ್ಬ ಕೇಳಿದ: 'ಚೆನ್ನೈ, ಮುಂಬೈಗೆ ಐದೈದು ಅವೆ. ನಾವು ವರ್ಷಕ್ಕೊಂದು ಗೆದ್ರೆ ಯಾವಾಗ ಸಮ ಆಗ್ತೀವಣ್ಣಾ?'